ರಾಸ್ವೆಲ್‌ನಲ್ಲಿ ಬಿದ್ದದ್ದು ಏನು? ನಾಲ್ಕು ಸರ್ಕಾರಿ ಉತ್ತರಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾರುವ ತಟ್ಟೆಯ ಮಾತು ಎಲ್ಲೇ ಬರಲಿ, ರಾಸ್ವೆಲ್ ಹೆಸರು ಬಂದೇ ಬರುತ್ತದೆ. ಮಾತುಕತೆಯಲ್ಲಿ, ಪತ್ರಗಳಲ್ಲಿ, ಪ್ರತಿಕ್ರಿಯೆಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ಮೊದಲು ಸುಲಭದವು, ಆಮೇಲೆ ಕಷ್ಟದವು. ಯಾವ ಪ್ರಶ್ನೆಯಿಂದ ಬೇಕಾದರೂ ಓದಲು ಶುರು ಮಾಡಬಹುದು.

## ಮೊದಲು ತಿಳಿದಿರಬೇಕಾದದ್ದು

ರಾಸ್ವೆಲ್ ಘಟನೆ ಅಂದ್ರೆ ಏನು? ಏನೂ ಗೊತ್ತಿಲ್ಲದವರಿಗೆ ಚಿಕ್ಕದಾಗಿ ಹೇಳ್ತೀರಾ?

ರಾಸ್ವೆಲ್ ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದ ಒಂದು ಊರು. ಅಲ್ಲಿಂದ ವಾಯವ್ಯಕ್ಕೆ ಸುಮಾರು 120 ಕಿಲೋಮೀಟರ್ ಹೋದರೆ ಕುರಿ ಮೇಯಿಸುವ ಒಂದು ದೊಡ್ಡ ರಾಂಚ್ ಇತ್ತು. ಅದನ್ನು ನೋಡಿಕೊಳ್ಳುತ್ತಿದ್ದವರು ಮ್ಯಾಕ್ ಬ್ರೇಜೆಲ್. 1947ರ ಜೂನ್ ತಿಂಗಳಲ್ಲಿ ಅವರು ಬಯಲಿನಲ್ಲಿ ಏನೇನೋ ಚೂರುಗಳು ಚೆಲ್ಲಾಪಿಲ್ಲಿಯಾಗಿ ಬಿದ್ದಿರುವುದನ್ನು ಕಂಡರು. ಆಗ ತಲೆ ಕೆಡಿಸಿಕೊಳ್ಳಲಿಲ್ಲ. ಜುಲೈ ಮೊದಲ ವಾರ ಹಾರುವ ತಟ್ಟೆಗಳ ಸುದ್ದಿ ಕಿವಿಗೆ ಬಿದ್ದ ಮೇಲೆ ರಾಸ್ವೆಲ್‌ಗೆ ಬಂದು ಷರೀಫ್ ಜಾರ್ಜ್ ವಿಲ್‌ಕಾಕ್ಸ್ ಅವರಿಗೆ ಹೇಳಿದರು. ಷರೀಫ್ ಪಕ್ಕದ ಸೇನಾ ವಾಯುನೆಲೆಗೆ ಫೋನ್ ಮಾಡಿದರು. ಅಲ್ಲಿನ ಗುಪ್ತಚರ ಅಧಿಕಾರಿ ಮೇಜರ್ ಜೆಸ್ಸಿ ಮಾರ್ಸೆಲ್ ಹೋಗಿ ಚೂರುಗಳನ್ನು ತಂದರು.

ಇಷ್ಟರ ಬಗ್ಗೆ ಯಾರಿಗೂ ಜಗಳವಿಲ್ಲ. ಜಗಳವೆಲ್ಲ ಆ ಚೂರುಗಳು ಯಾವುದರವು ಎಂಬುದರ ಮೇಲೆ.

"ಹಾರುವ ತಟ್ಟೆ ಸಿಕ್ಕಿದೆ" ಅಂತ ಸೈನ್ಯವೇ ಹೇಳಿತ್ತಂತೆ, ನಿಜಾನಾ?

ನಿಜ. 1947ರ ಜುಲೈ 8ರಂದು ವಾಯುನೆಲೆಯ ಮುಖ್ಯಸ್ಥ ಕರ್ನಲ್ ವಿಲಿಯಂ ಬ್ಲಾಂಚರ್ಡ್ ಅವರ ಅಪ್ಪಣೆಯಂತೆ ಪ್ರಚಾರಾಧಿಕಾರಿ ಲೆಫ್ಟಿನೆಂಟ್ ವಾಲ್ಟರ್ ಹಾಟ್ ಪತ್ರಿಕಾ ಹೇಳಿಕೆ ಕೊಟ್ಟರು. ಹಾರುವ ತಟ್ಟೆಗಳ ಗಾಳಿಸುದ್ದಿ ಈಗ ನಿಜವಾಗಿದೆ, ಒಂದು ತಟ್ಟೆ ನಮ್ಮ ಕೈಸೇರಿದೆ ಎಂಬುದು ಅದರ ಸಾರ. ಅಂದು ಮಧ್ಯಾಹ್ನವೇ ರಾಸ್ವೆಲ್ ಡೈಲಿ ರೆಕಾರ್ಡ್ ಪತ್ರಿಕೆ ಇದನ್ನು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಹಾಕಿತು.

ಆ ದಿನಗಳ ಹವೆ ಹೇಗಿತ್ತು ಅಂತ ತಿಳಿಯದೆ ಇದು ಅರ್ಥವಾಗುವುದಿಲ್ಲ. ಜೂನ್ 24ರಂದು ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ವಾಷಿಂಗ್ಟನ್ ರಾಜ್ಯದ ರೇನಿಯರ್ ಪರ್ವತದ ಬಳಿ ಒಂಬತ್ತು ವಸ್ತುಗಳು ಭಾರೀ ವೇಗದಲ್ಲಿ ಹಾರಿದ್ದನ್ನು ಕಂಡೆ ಎಂದಿದ್ದರು. ಪತ್ರಿಕೆಗಳು ಅವಕ್ಕೆ ಹಾರುವ ತಟ್ಟೆ ಎಂದು ಹೆಸರಿಟ್ಟವು. ಆಮೇಲೆ ದೇಶದ ಮೂಲೆಮೂಲೆಯಿಂದ ವರದಿಗಳು ಬಂದವು. ಆದರೆ ಆಗ ಜನ ಆ ತಟ್ಟೆಗಳನ್ನು ಅನ್ಯಗ್ರಹದ್ದು ಎಂದುಕೊಂಡದ್ದು ಕಡಿಮೆ. ರಷ್ಯಾದ್ದೋ, ತಮ್ಮದೇ ಸೈನ್ಯದ್ದೋ ಹೊಸ ವಿಮಾನ ಇರಬಹುದು ಅನ್ನುವ ಗುಮಾನಿಯೇ ಜಾಸ್ತಿ. ಹಾಗಾಗಿ ಹಾಟ್ ಅವರ ಹೇಳಿಕೆಯನ್ನು "ಏಲಿಯನ್ ನೌಕೆ ಸಿಕ್ಕಿತು ಅಂತ ಸೈನ್ಯ ಒಪ್ಪಿಕೊಂಡಿತು" ಎಂದು ಇಂದು ಓದುವುದು ಸರಿಯಲ್ಲ.

ಬ್ರೇಜೆಲ್‌ಗೆ ಸಿಕ್ಕಿದ ಸಾಮಾನು ನೋಡೋಕೆ ಹೇಗಿತ್ತು?

ಇದನ್ನು ಕೇಳಬೇಕಾದದ್ದು ಬ್ರೇಜೆಲ್ ಅವರನ್ನೇ. ಅವರ ಮಾತು ಜುಲೈ 9ರ ರಾಸ್ವೆಲ್ ಡೈಲಿ ರೆಕಾರ್ಡ್‌ನಲ್ಲಿ ಅಚ್ಚಾಗಿದೆ. ಸುಮಾರು 200 ಗಜ ಅಗಲದ ಜಾಗದಲ್ಲಿ ರಬ್ಬರ್ ಪಟ್ಟಿಗಳು, ಬೇಗಡೆ ಹಾಳೆ, ಗಟ್ಟಿ ಕಾಗದ, ಕಡ್ಡಿಗಳು ಬಿದ್ದಿದ್ದವು. ರಬ್ಬರ್ ಹೊಗೆ ಹಿಡಿದಂತೆ ಬೂದು ಬಣ್ಣಕ್ಕೆ ತಿರುಗಿತ್ತು. ಬೇಗಡೆ, ಕಾಗದ, ಟೇಪು, ಕಡ್ಡಿ ಎಲ್ಲ ಸೇರಿಸಿ ಕಟ್ಟಿದರೆ ಮೂರಡಿ ಉದ್ದದ ಒಂದು ಕಟ್ಟಾಯಿತು. ರಬ್ಬರಿನದು ಇನ್ನೊಂದು ಚಿಕ್ಕ ಕಟ್ಟು. ಎರಡೂ ಸೇರಿ ತೂಕ ಐದು ಪೌಂಡ್ ಇದ್ದೀತು, ಅಂದರೆ ಎರಡೂಕಾಲು ಕೆಜಿ. ಎಂಜಿನ್‌ಗೆ ಬಳಸುವಂಥ ಲೋಹ ಇರಲಿಲ್ಲ. ಸೆಲ್ಲೋಟೇಪು ಇತ್ತು. ಹೂವಿನ ಚಿತ್ರ ಅಚ್ಚು ಹಾಕಿದ ಟೇಪೂ ಇತ್ತು.

ಆ ಹೂವಿನ ಟೇಪನ್ನು ನೆನಪಿಟ್ಟುಕೊಳ್ಳಿ. 47 ವರ್ಷದ ನಂತರ ಅದೇ ದೊಡ್ಡ ಸುಳಿವಾಯಿತು.

ಇಷ್ಟು ಹೇಳಿದ ಬ್ರೇಜೆಲ್ ಕೊನೆಗೆ ಇನ್ನೊಂದು ಮಾತು ಸೇರಿಸಿದರು. ಹಿಂದೆ ಎರಡು ಸಲ ನನಗೆ ಹವಾಮಾನದ ಬಲೂನು ಸಿಕ್ಕಿದೆ, ಇದು ಅವುಗಳ ಹಾಗೆ ಇರಲಿಲ್ಲ, ಇದು ಹವಾಮಾನದ ಬಲೂನಲ್ಲ ಅನ್ನುವುದು ನನಗೆ ಖಾತ್ರಿ ಎಂದರು. ನಂಬುವವರು ಈ ಕೊನೆಯ ಮಾತನ್ನು ಮಾತ್ರ ಎತ್ತಿ ಹೇಳುತ್ತಾರೆ. ನಂಬದವರು ಮೊದಲ ಭಾಗವನ್ನು ಮಾತ್ರ ಹೇಳುತ್ತಾರೆ. ಎರಡೂ ಒಬ್ಬನೇ ಮನುಷ್ಯ ಒಂದೇ ದಿನ ಆಡಿದ ಮಾತು.

ಸರ್ಕಾರ ಒಟ್ಟು ಎಷ್ಟು ಸಲ ಮಾತು ಬದಲಿಸಿದೆ?

ಉತ್ತರಗಳು ನಾಲ್ಕು. 1947ರ ಜುಲೈ 8ರ ಮಧ್ಯಾಹ್ನ ಹಾರುವ ತಟ್ಟೆ. ಅದೇ ದಿನ ಸಂಜೆ ಹವಾಮಾನದ ಬಲೂನು. ಆಮೇಲೆ ಸುಮಾರು 47 ವರ್ಷ ಅದೇ ಮಾತು. 1994ರ ಸೆಪ್ಟೆಂಬರ್‌ನಲ್ಲಿ ವಾಯುಪಡೆ, ಅದು ಮೊಗಲ್ ಎಂಬ ಗುಪ್ತ ಯೋಜನೆಯ ಬಲೂನು ಸರಣಿ ಇರಬೇಕು ಎಂದಿತು. 1997ರ ಜೂನ್‌ನಲ್ಲಿ, ಜನ ಹೇಳುವ ಹೆಣಗಳು ಪ್ಯಾರಾಶೂಟ್ ಪರೀಕ್ಷೆಯ ಬೊಂಬೆಗಳು ಎಂದಿತು.

ಕೊನೆಯದು ಮೂರನೆಯದನ್ನು ಅಳಿಸಿ ಹಾಕಿದ ಉತ್ತರವಲ್ಲ, ಅದಕ್ಕೆ ಸೇರಿಸಿದ್ದು. ಈ ನಾಲ್ಕನ್ನೂ ಒಂದೇ ಗಂಟು ಕಟ್ಟಿ "ಎಲ್ಲ ಸುಳ್ಳು" ಅಂತಲೋ "ಎಲ್ಲ ಸರಿ" ಅಂತಲೋ ಹೇಳುವುದರಿಂದಲೇ ಈ ವಿಷಯದ ಅರ್ಧ ಗೊಂದಲ ಹುಟ್ಟಿದೆ. ಒಂದೊಂದಕ್ಕೂ ಆಧಾರ ಬೇರೆ, ತೂಕ ಬೇರೆ.

## ಅಧಿಕಾರಿಗಳ ಮಾತಿನ ಬಗ್ಗೆ

ಹವಾಮಾನದ ಬಲೂನು ಅಂದದ್ದು ಬೇಕಂತಲೇ ಹೇಳಿದ ಸುಳ್ಳಾ?

ಪೂರ್ತಿ ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಮಾರ್ಸೆಲ್ ಆ ಚೂರುಗಳ ಜೊತೆ ವಿಮಾನದಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ಗೆ ಹೋದರು. ಅಲ್ಲಿ ಎಂಟನೇ ವಾಯುಸೇನೆಯ ಮುಖ್ಯಸ್ಥ ಬ್ರಿಗೇಡಿಯರ್ ಜನರಲ್ ರೋಜರ್ ರೇಮಿ ಇದ್ದರು. ಹವಾಮಾನ ಅಧಿಕಾರಿ ಅರ್ವಿಂಗ್ ನ್ಯೂಟನ್‌ರನ್ನು ಕರೆಸಿದರು. ನ್ಯೂಟನ್ ನೋಡಿದ ತಕ್ಷಣ, ಇದು ಬಲೂನು ಮತ್ತು ಅದಕ್ಕೆ ಕಟ್ಟುವ ರೇಡಾರ್ ಪ್ರತಿಫಲಕ ಎಂದರು. ಪ್ರತಿಫಲಕ ಅಂದರೆ ಕಡ್ಡಿಗಳಿಗೆ ಬೇಗಡೆ ಕಾಗದ ಅಂಟಿಸಿ ಮಾಡಿದ ಗಾಳಿಪಟದಂಥ ವಸ್ತು. ಬಲೂನು ಎಲ್ಲಿದೆ ಎಂದು ರೇಡಾರ್‌ಗೆ ಕಾಣಲಿ ಅಂತ ಕಟ್ಟುತ್ತಿದ್ದರು.

ನ್ಯೂಟನ್ ಕಂಡದ್ದು ಸರಿಯೇ. ಆ ಸಾಮಾನು ಗುಟ್ಟಿನದಲ್ಲ, ಹವಾಮಾನ ಇಲಾಖೆಯವರೂ ಬಳಸುತ್ತಿದ್ದರು. ಗುಟ್ಟು ಇದ್ದದ್ದು ಅದನ್ನು ಯಾಕೆ ಹಾರಿಸಿದರು ಎಂಬುದರಲ್ಲಿ. ಫೋರ್ಟ್ ವರ್ತ್‌ನಲ್ಲಿದ್ದವರಿಗೆ ಆ ಉದ್ದೇಶ ತಿಳಿದಿತ್ತು ಎನ್ನಲು ದಾಖಲೆ ಸಿಕ್ಕಿಲ್ಲ. ಆದರೆ ರೇಮಿಯವರ ಸಹಾಯಕರಾಗಿದ್ದ ಕರ್ನಲ್ ಥಾಮಸ್ ಡುಬೋಸ್ ವಯಸ್ಸಾದ ಮೇಲೆ, ಹವಾಮಾನದ ಬಲೂನಿನ ಮಾತು ಪತ್ರಕರ್ತರನ್ನು ಸಾಗಹಾಕಲು ಹೇಳಿದ್ದು ಎಂದರು.

ಜುಲೈ 10ರಂದು ನಡೆದದ್ದು ಇನ್ನೂ ಗಮನಿಸಬೇಕಾದದ್ದು. ನ್ಯೂ ಮೆಕ್ಸಿಕೊದ ಅಲಮೊಗೊರ್ಡೊ ಊರಿನ ಪತ್ರಿಕೆಯಲ್ಲಿ ಬಲೂನು, ಪ್ರತಿಫಲಕಗಳ ಪ್ರದರ್ಶನದ ಸುದ್ದಿ ಬಂತು. ರೇಡಾರ್ ತರಬೇತಿಗೆ ಇವನ್ನು ಹಾರಿಸುತ್ತೇವೆ ಎಂದು ಸೇನೆಯವರು ವಿವರಿಸಿದ್ದರು. ಇದು ನಿಜವಾದ ಕೆಲಸವನ್ನು ಮುಚ್ಚಲು ಮಾಡಿದ್ದಿರಬಹುದು ಎಂದು 1994ರ ವರದಿಯೇ ಹೇಳುತ್ತದೆ. ಮುಚ್ಚಿಟ್ಟದ್ದಂತೂ ಹೌದು. ನನಗೆ ಸಿಟ್ಟು ಬರುವುದು ಆಮೇಲಿನ ದಶಕಗಳ ಬಗ್ಗೆ. ಆ ಯೋಜನೆ ಮುಗಿದು, ಅದರ ಗುಟ್ಟಿಗೆ ಬೆಲೆಯೇ ಇಲ್ಲದಾದ ಮೇಲೂ ಯಾರೂ ಮುಂದೆ ಬಂದು ನಡೆದದ್ದನ್ನು ಹೇಳಲಿಲ್ಲ.

ಈ ಮೊಗಲ್ ಯೋಜನೆ ಏನು? ಬಲೂನು ಹಾರಿಸಿ ಅಣುಬಾಂಬಿನ ಸದ್ದು ಕೇಳೋಕಾಗುತ್ತಾ?

ಆಗುತ್ತದೆ. ಭೂವಿಜ್ಞಾನಿ ಮಾರಿಸ್ ಯೂಯಿಂಗ್ ಕಡಲಿನ ಆಳದಲ್ಲಿ ಒಂದು ಪದರ ಇರುವುದನ್ನು ಕಂಡುಕೊಂಡಿದ್ದರು. ಆ ಪದರಕ್ಕೆ ಸಿಕ್ಕಿದ ಸದ್ದು ಮೇಲಕ್ಕೂ ಹೋಗದೆ ಕೆಳಕ್ಕೂ ಹೋಗದೆ ಸಾವಿರಾರು ಕಿಲೋಮೀಟರ್ ಸಾಗುತ್ತದೆ. ಗಾಳಿಯಲ್ಲೂ ಅಂಥ ಪದರ ಇರಬೇಕು ಎಂದು ಅವರು ಊಹಿಸಿದರು. ಎತ್ತರಕ್ಕೆ ಹೋದಂತೆ ಚಳಿ ಹೆಚ್ಚುತ್ತದೆ, ಚಳಿಗಾಳಿಯಲ್ಲಿ ಸದ್ದು ನಿಧಾನವಾಗುತ್ತದೆ. ಇನ್ನೂ ಮೇಲೆ ಹೋದರೆ ಮತ್ತೆ ಬೆಚ್ಚಗಾಗುತ್ತದೆ. ಈ ನಡುವಿನ ಚಳಿ ಪದರದಲ್ಲಿ ಸದ್ದು ಬಾಗಿ ಬಾಗಿ ಅಲ್ಲೇ ಉಳಿಯುತ್ತದೆ. ಸೋವಿಯತ್ ಒಕ್ಕೂಟ ಅಣುಬಾಂಬ್ ಸಿಡಿಸಿದರೆ ಅಲ್ಲಿ ಮೈಕ್ ಇಟ್ಟು ಕೇಳಬಹುದು ಎಂಬುದು ಲೆಕ್ಕ.

ನ್ಯೂಯಾರ್ಕ್ ವಿಶ್ವವಿದ್ಯಾಲಯದ ತಂಡ 1947ರ ಬೇಸಿಗೆಯಲ್ಲಿ ಅಲಮೊಗೊರ್ಡೊದಿಂದ ಬಲೂನು ಹಾರಿಸಿತು. ಒಂದೆರಡಲ್ಲ, ಸುಮಾರು ಎರಡು ಡಜನ್ ರಬ್ಬರ್ ಬಲೂನುಗಳ ಸಾಲು, ಉದ್ದ 600 ಅಡಿಗೂ ಜಾಸ್ತಿ. ನಡುನಡುವೆ ರೇಡಾರ್ ಪ್ರತಿಫಲಕಗಳು. ತಂಡದಲ್ಲಿದ್ದ ಚಾರ್ಲ್ಸ್ ಮೂರ್ ನೆನಪಿಸಿಕೊಂಡಂತೆ, ಆ ಪ್ರತಿಫಲಕಗಳನ್ನು ಮಾಡಿಕೊಟ್ಟದ್ದು ನ್ಯೂಯಾರ್ಕಿನ ಒಬ್ಬ ಆಟಿಕೆ ತಯಾರಕ. ಅವನ ಬಳಿ ಇದ್ದ ಟೇಪಿನ ಮೇಲೆ ನೇರಳೆ ಛಾಯೆಯ ಹೂವಿನ ಚಿತ್ರಗಳಿದ್ದವು, ಅದನ್ನೇ ಅಂಟಿಸಿದ್ದ. ಬಾಲ್ಸಾ ಕಡ್ಡಿಗಳು ಗಟ್ಟಿಯಾಗಲಿ ಅಂತ ಗೋಂದು ಬಳಿದಿದ್ದರು. ಆ ರಬ್ಬರ್ ಬಿಸಿಲಿಗೆ ಕೆಲವು ವಾರ ಬಿದ್ದರೆ ಕಪ್ಪಾಗಿ ಪುಡಿಯಾಗುತ್ತದೆ.

ಬ್ರೇಜೆಲ್ ಹೇಳಿದ್ದನ್ನು ಇದರ ಪಕ್ಕ ಇಟ್ಟು ನೋಡಿ. ಬೂದು ರಬ್ಬರ್, ಬೇಗಡೆ, ಕಡ್ಡಿ, ಹೂವಿನ ಟೇಪು. ಮಾಮೂಲಿ ಹವಾಮಾನದ ಬಲೂನಿಗಿಂತ ಇದು ಬೇರೆ ಎಂದು ಅವರಿಗೆ ಅನಿಸಿದ್ದೂ ಸರಿಯೇ. ಒಂದೇ ಬಲೂನಾಗಿದ್ದರೆ ಅಷ್ಟು ಅಗಲಕ್ಕೆ ಚೆಲ್ಲುತ್ತಿರಲಿಲ್ಲ. ಅವರ ಎರಡು ಮಾತಿಗೂ ಹೊಂದುವ ವಿವರಣೆ ನನಗೆ ಕಂಡಿರುವುದು ಇದೊಂದೇ.

ಅಂದ ಹಾಗೆ, 1949ರ ಆಗಸ್ಟ್ 29ರಂದು ಸೋವಿಯತ್ ಒಕ್ಕೂಟ ಮೊದಲ ಬಾಂಬ್ ಸಿಡಿಸಿದಾಗ ಅಮೆರಿಕಕ್ಕೆ ಸುಳಿವು ಕೊಟ್ಟದ್ದು ಬಲೂನಲ್ಲ. ವಿಮಾನದಲ್ಲಿ ಇಟ್ಟಿದ್ದ ಶೋಧಕ ಕಾಗದಕ್ಕೆ ಅಂಟಿದ ವಿಕಿರಣದ ಧೂಳು.

ಅಣುಬಾಂಬ್ ಪಡೆಯ ಅಧಿಕಾರಿಗೆ ಬಲೂನು ಗುರುತಿಸೋಕೆ ಬರಲಿಲ್ವಾ? ಇದನ್ನ ಹೇಗೆ ನಂಬೋದು?

ಪ್ರಶ್ನೆ ನ್ಯಾಯವಾದದ್ದು. ರಾಸ್ವೆಲ್‌ನಲ್ಲಿದ್ದ 509ನೇ ಬಾಂಬರ್ ಪಡೆ ಆಗ ಜಗತ್ತಿನಲ್ಲೇ ಅಣುಬಾಂಬ್ ಹಾಕಬಲ್ಲ ಒಂದೇ ಪಡೆ. ಹಿರೋಶಿಮಾ, ನಾಗಸಾಕಿ ಮೇಲೆ ಬಾಂಬ್ ಹಾಕಿದ್ದೂ ಅವರೇ. ಮಾರ್ಸೆಲ್ ದಡ್ಡರಾಗಿರಲಿಲ್ಲ.

ಆದರೆ ಬಲೂನಿಗೆ ಕಟ್ಟುವ ರೇಡಾರ್ ಪ್ರತಿಫಲಕ ಎಲ್ಲರೂ ನೋಡಿದ ವಸ್ತುವಲ್ಲ. ಅದೂ ಹರಿದು, ಬಿಸಿಲಿಗೆ ಒಣಗಿ, ಬಯಲೆಲ್ಲ ಚದುರಿದಾಗ. ಮೇಲಾಗಿ ಎರಡು ವಾರದಿಂದ ದೇಶವೆಲ್ಲ ಹಾರುವ ತಟ್ಟೆಯ ಮಾತೇ ಆಡುತ್ತಿತ್ತು. ಅವಸರದಲ್ಲಿ ಹೇಳಿಕೆ ಕೊಟ್ಟದ್ದು ತಪ್ಪು, ಆದರೆ ಅರ್ಥವಾಗುವ ತಪ್ಪು. ಮಾರ್ಸೆಲ್ 1978ರಲ್ಲಿ ಸ್ಟಾಂಟನ್ ಫ್ರೀಡ್‌ಮನ್ ಎಂಬ ಸಂಶೋಧಕರ ಮುಂದೆ ಮಾತಾಡಿ, ಅದು ಈ ಭೂಮಿಯದ್ದಲ್ಲ ಎಂಬ ನಿಲುವಿಗೆ ಬಂದಿದ್ದರು. ಅವರು ಸುಳ್ಳು ಹೇಳಿದರು ಅಂತ ನಾನು ಹೇಳುವುದಿಲ್ಲ. ಮೂವತ್ತೊಂದು ವರ್ಷದ ನಂತರದ ನೆನಪಿಗಿಂತ ಮರುದಿನದ ಪತ್ರಿಕೆಗೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ, ಅಷ್ಟೇ.

ಏಲಿಯನ್ ಹೆಣಗಳ ಕಥೆ ಎಲ್ಲಿಂದ ಬಂತು?

1947ರ ಪತ್ರಿಕೆಗಳಲ್ಲಿ ಹೆಣದ ಮಾತೇ ಇಲ್ಲ. 1980ರಲ್ಲಿ ಈ ಘಟನೆಯ ಮೇಲೆ ಮೊದಲ ಪುಸ್ತಕ ಬಂದಾಗ ಅಲ್ಲಿ ಇಲ್ಲಿ ಕೇಳಿದ ಮಾತಾಗಿ ಅದು ಸೇರಿಕೊಂಡಿತು. ಬಲ ಬಂದದ್ದು 1989ರಲ್ಲಿ. ರಾಸ್ವೆಲ್‌ನಲ್ಲಿ ಶವಸಂಸ್ಕಾರದ ಕೆಲಸ ಮಾಡುತ್ತಿದ್ದ ಗ್ಲೆನ್ ಡೆನಿಸ್, ವಾಯುನೆಲೆಯ ಆಸ್ಪತ್ರೆಯ ನರ್ಸ್ ಒಬ್ಬಳು ತನಗೆ ವಿಚಿತ್ರ ದೇಹಗಳ ಬಗ್ಗೆ ಹೇಳಿದಳು ಎಂದರು. ಅವರು ಕೊಟ್ಟ ಹೆಸರಿನ ನರ್ಸ್ ದಾಖಲೆಗಳಲ್ಲಿ ಸಿಗಲಿಲ್ಲ. ಆಮೇಲೆ ಅದು ನಿಜವಾದ ಹೆಸರಲ್ಲ ಎಂದರು. ಅಲ್ಲಿಗೆ ಆ ಸಾಕ್ಷ್ಯದ ಮೇಲೆ ನನಗಿದ್ದ ನಂಬಿಕೆ ಹೋಯಿತು.

1947ರಲ್ಲಿ ಬಿದ್ದದ್ದಕ್ಕೆ 1953ರ ಬೊಂಬೆ ಉತ್ತರ ಹೇಗಾಗುತ್ತೆ?

ನಾಲ್ಕು ಉತ್ತರಗಳಲ್ಲಿ ತುಂಬಾ ಬಡವಾದದ್ದು ಇದೇ. 1997ರ ಜೂನ್ 24ರಂದು ಅಮೆರಿಕದ ರಕ್ಷಣಾ ಇಲಾಖೆಯ ಕೇಂದ್ರ ಕಚೇರಿ ಪೆಂಟಗನ್‌ನಲ್ಲಿ ವಾಯುಪಡೆ ಎರಡನೇ ವರದಿ ಬಿಡುಗಡೆ ಮಾಡಿತು. ಕೇಸ್ ಮುಗಿಯಿತು ಎಂದೇ ಅದಕ್ಕೆ ಹೆಸರಿಟ್ಟಿದ್ದರು. ಅದರ ಪ್ರಕಾರ ಜನ ನೋಡಿದ ದೇಹಗಳು, 1950ರ ದಶಕದಲ್ಲಿ ನ್ಯೂ ಮೆಕ್ಸಿಕೊದ ಬಯಲಿಗೆ ಬಲೂನಿನಿಂದ ಬೀಳಿಸಿದ ಮನುಷ್ಯಾಕಾರದ ಬೊಂಬೆಗಳು. ಹೈ ಡೈವ್, ಎಕ್ಸೆಲ್ಸಿಯರ್ ಎಂಬ ಯೋಜನೆಗಳು ಅವು. ತುಂಬಾ ಎತ್ತರದಿಂದ ಪೈಲಟ್ ಜಿಗಿದರೆ ಪ್ಯಾರಾಶೂಟ್ ಉಳಿಸುತ್ತದೆಯೇ ಎಂದು ನೋಡುವ ಪರೀಕ್ಷೆ. ಜೊತೆಗೆ 1956ರ ಒಂದು ವಿಮಾನ ದುರಂತದ ಶವಗಳು ಮತ್ತು 1959ರ ಬಲೂನ್ ಅಪಘಾತದಲ್ಲಿ ತಲೆ ಊದಿಕೊಂಡ ಒಬ್ಬ ಕ್ಯಾಪ್ಟನ್‌ನ ನೆನಪೂ ಈ ಕಥೆಗೆ ಸೇರಿಕೊಂಡಿದೆ ಎಂದು ವರದಿ ಹೇಳಿತು.

ಪತ್ರಕರ್ತರು ಅಲ್ಲೇ ಕೇಳಿದರು: ವರ್ಷ ಹೊಂದುವುದಿಲ್ಲವಲ್ಲ? ಜನರ ನೆನಪಿನಲ್ಲಿ ಕಾಲ ಒತ್ತಿಕೊಂಡು ಬೇರೆ ಬೇರೆ ಘಟನೆಗಳು ಒಂದಾಗಿವೆ ಎಂದು ಉತ್ತರ ಬಂತು. ನೆನಪು ಹಾಗೆ ಮಾಡುವುದುಂಟು, ನಿಜ. ಆದರೆ ಬೊಂಬೆಗಳು ದೊಡ್ಡವರ ಎತ್ತರದವು, ಹೇಳಿಕೆಗಳಲ್ಲಿ ಬರುವ ದೇಹಗಳು ಚಿಕ್ಕವು. ಅದಕ್ಕಿಂತ ಮುಖ್ಯವಾಗಿ, ಇದಕ್ಕೆ ಉತ್ತರ ಹುಡುಕುವ ಅಗತ್ಯವೇ ಇರಲಿಲ್ಲ. "ಆಗಿನ ಯಾವ ದಾಖಲೆಯಲ್ಲೂ ಹೆಣವಿಲ್ಲ" ಎಂದು ಹೇಳಿ ಸುಮ್ಮನಿದ್ದರೆ ಸಾಕಿತ್ತು. ಪ್ರತಿ ಮಾತಿಗೂ ಒಂದು ವಿವರಣೆ ಅಂಟಿಸಲು ಹೋಗಿ, ಮೂರು ವರ್ಷದ ಹಿಂದೆ ಮೊಗಲ್ ವರದಿ ಗಳಿಸಿದ್ದ ಮರ್ಯಾದೆಯನ್ನೂ ಕಳೆದುಕೊಂಡರು.

## ಇನ್ನೂ ಆಳಕ್ಕೆ ಹೋಗುವವರಿಗೆ

ಕಡತಗಳನ್ನು ನಾಶ ಮಾಡಿದ್ದಾರಂತಲ್ಲ, ಅದೇ ಸಾಕ್ಷಿ ಅಲ್ವಾ?

1993ರಲ್ಲಿ ನ್ಯೂ ಮೆಕ್ಸಿಕೊದ ಸಂಸದ ಸ್ಟೀವನ್ ಶಿಫ್ ಈ ಬಗ್ಗೆ ರಕ್ಷಣಾ ಇಲಾಖೆಯನ್ನು ಕೇಳಿದರು. ಸರಿಯಾದ ಉತ್ತರ ಬರದಿದ್ದಾಗ ಅಮೆರಿಕದ ಸಂಸತ್ತಿನ ಲೆಕ್ಕಪತ್ರ ತಪಾಸಣಾ ಸಂಸ್ಥೆಯಿಂದ ಹುಡುಕಿಸಿದರು. 1995ರ ಜುಲೈನಲ್ಲಿ ಅದರ ವರದಿ ಬಂತು. ವಾಯುನೆಲೆಯ ಕೆಲವು ಆಡಳಿತ ಕಡತಗಳು ಮತ್ತು 1946ರ ಅಕ್ಟೋಬರ್‌ನಿಂದ 1949ರ ಡಿಸೆಂಬರ್‌ವರೆಗೆ ಅಲ್ಲಿಂದ ಹೊರಟ ಸಂದೇಶಗಳು ನಾಶವಾಗಿದ್ದವು. ಯಾರು, ಯಾವಾಗ, ಯಾರ ಅಪ್ಪಣೆಯಿಂದ ಆಡಳಿತ ಕಡತಗಳನ್ನು ನಾಶ ಮಾಡಿದರು ಎಂಬುದಕ್ಕೆ ನಮೂದು ಇರಲಿಲ್ಲ.

ಇದು ಗಂಭೀರ ಲೋಪ. ಆದರೆ ನಾಶವಾದದ್ದು ಮೂರು ವರ್ಷಕ್ಕೂ ಮೀರಿದ ಕಾಲದ ಕಡತ, ಆ ಒಂದು ವಾರದ್ದಲ್ಲ. ಕಾಣೆಯಾದ ಕಾಗದ ಯಾವುದನ್ನೂ ಸಾಬೀತು ಮಾಡುವುದಿಲ್ಲ, ಯಾರನ್ನೂ ನಿರ್ದೋಷಿ ಅಂತಲೂ ಮಾಡುವುದಿಲ್ಲ. ಉಳಿದದ್ದು ಎರಡು. ಹಾರುವ ತಟ್ಟೆ ಎಂದುಕೊಂಡದ್ದು ರೇಡಾರ್ ಬಲೂನಾಗಿತ್ತು ಎಂದು ಬರೆದ 509ನೇ ಪಡೆಯ ಜುಲೈ ತಿಂಗಳ ವರದಿ ಒಂದು. ಅಮೆರಿಕದ ಕೇಂದ್ರ ತನಿಖಾ ಸಂಸ್ಥೆ ಎಫ್‌ಬಿಐನ ಟೆಲಿಟೈಪ್, ಅಂದರೆ ತಂತಿಯ ಮೂಲಕ ಕಳಿಸಿದ ಸಂದೇಶ, ಇನ್ನೊಂದು.

ಆ ಎಫ್‌ಬಿಐ ಟೆಲಿಟೈಪ್‌ನಲ್ಲಿ ಬಲೂನಲ್ಲ ಅಂತಿದೆಯಂತೆ?

1947ರ ಜುಲೈ 8ರಂದು ಡಲ್ಲಾಸ್ ಕಚೇರಿಯಿಂದ ಹೋದ ಸಂದೇಶ ಅದು. ಷಟ್ಕೋನದ ವಸ್ತು, ಸುಮಾರು 20 ಅಡಿಯ ಬಲೂನಿಗೆ ಹಗ್ಗದಿಂದ ನೇತುಹಾಕಿದ್ದು, ರೇಡಾರ್ ಪ್ರತಿಫಲಕ ಕಟ್ಟಿದ ಹವಾಮಾನದ ಬಲೂನನ್ನು ಹೋಲುತ್ತದೆ ಎಂದು ಅದರಲ್ಲಿದೆ. ಆದರೆ ಒಹಾಯೊದ ರೈಟ್ ಫೀಲ್ಡ್ ಜೊತೆ ನಡೆದ ಫೋನ್ ಮಾತುಕತೆ ಈ ಅಭಿಪ್ರಾಯಕ್ಕೆ ಪುಷ್ಟಿ ಕೊಟ್ಟಿಲ್ಲ ಎಂದೂ ಇದೆ. ನಂಬುವವರು ಹಿಡಿದಿರುವುದು ಈ ಎರಡನೇ ಮಾತನ್ನು. ನನಗೆ ಕಾಣುವುದಿಷ್ಟು: ರೈಟ್ ಫೀಲ್ಡ್‌ನವರು ವಸ್ತುವನ್ನು ಇನ್ನೂ ನೋಡಿರಲಿಲ್ಲ, ಅದು ದಾರಿಯಲ್ಲಿತ್ತು. ನೋಡದೆ ಹೌದು ಎನ್ನದಿರುವುದು ಸಹಜ. ಜೊತೆಗೆ ಹಾರುವ ತಟ್ಟೆ ಎಂದು ಕರೆದ ವಸ್ತುವಿನ ಮೇಲೆ ಬಲೂನು ಇತ್ತು ಎಂದು ಅದೇ ದಿನದ ಆಂತರಿಕ ಸಂದೇಶ ಹೇಳುತ್ತದೆ. ಅದು ಸಾರ್ವಜನಿಕರಿಗೆ ಬರೆದದ್ದಲ್ಲ.

ಮೊಗಲ್‌ನ ನಾಲ್ಕನೇ ಹಾರಾಟ ನಡೆದೇ ಇಲ್ಲ ಅಂತಾರಲ್ಲ?

ಮೊಗಲ್ ಉತ್ತರಕ್ಕೆ ಇರುವ ನಿಜವಾದ ತೂತು ಇದು. ಬ್ರೇಜೆಲ್‌ಗೆ ಸಿಕ್ಕಿದ್ದು ಜೂನ್ 4ರಂದು ಬಿಟ್ಟ ನಾಲ್ಕನೇ ಹಾರಾಟದ ಚೂರು ಎಂಬುದು ವಾದ. ರಾಂಚ್ ಇನ್ನು ಸುಮಾರು 17 ಮೈಲಿ ಇದೆ ಎನ್ನುವವರೆಗೆ ಅದನ್ನು ಹಿಂಬಾಲಿಸಿದ್ದೆವು, ಆಮೇಲೆ ಕೈತಪ್ಪಿತು ಎಂದು ಚಾರ್ಲ್ಸ್ ಮೂರ್ ನೆನಪಿಸಿಕೊಂಡರು. ಆದರೆ ತಂಡದ ಹಾರಾಟಗಳ ಪಟ್ಟಿಯಲ್ಲಿ ನಾಲ್ಕನೆಯದರ ವಿವರ ಇಲ್ಲ. ಯೋಜನೆಯ ವಿಜ್ಞಾನಿ ಆಲ್ಬರ್ಟ್ ಕ್ರೇರಿ ಅವರ ದಿನಚರಿಯಲ್ಲಿ ಜೂನ್ 4ಕ್ಕೆ, ಮೋಡದ ಕಾರಣ ಬಲೂನು ಹಾರಾಟ ಇಲ್ಲ ಎಂದಿದೆ.

ಅದೇ ದಿನದ ಮುಂದಿನ ಮಾತನ್ನು ಜನ ಬಿಟ್ಟುಬಿಡುತ್ತಾರೆ. ಬಲೂನುಗಳ ಗೊಂಚಲಿಗೆ ಮೈಕ್ ಕಟ್ಟಿ ಹಾರಿಸಿದೆವು ಎಂದೂ ಕ್ರೇರಿ ಬರೆದಿದ್ದಾರೆ. ಅಂದರೆ ಏನೋ ಒಂದು ಹಾರಿದೆ. ಅಳತೆ ಸಿಗದ ಹಾರಾಟ ಪಟ್ಟಿಗೆ ಸೇರದಿರುವುದೂ ಸಾಧ್ಯ. ಆದರೆ ಆ ಗೊಂಚಲಿಗೆ ಪ್ರತಿಫಲಕಗಳು ಇದ್ದವೇ ಎಂಬುದಕ್ಕೆ ಲಿಖಿತ ದಾಖಲೆ ಇಲ್ಲ, ಮೂರ್ ಅವರ ನೆನಪು ಮಾತ್ರ ಇದೆ. ಹಳೆಯ ನೆನಪು ಅಂತ ಮಾರ್ಸೆಲ್‌ರನ್ನು ಪಕ್ಕಕ್ಕಿಟ್ಟವರು ಮೂರ್‌ರ ನೆನಪಿಗೂ ಅದೇ ಅಳತೆಗೋಲು ಹಿಡಿಯಬೇಕು. ಹಾಗೆ ಹಿಡಿದ ಮೇಲೂ ನನ್ನ ತೂಕ ಮೊಗಲ್ ಕಡೆಗೇ, ಕಾರಣ ಬ್ರೇಜೆಲ್ ಕಂಡ ಸಾಮಾನು. ಯಾವ ಹಾರಾಟದ್ದು ಎಂಬುದು ಖಾತ್ರಿಯಿಲ್ಲದಿದ್ದರೂ ಯಾವ ಬಗೆಯ ವಸ್ತು ಎಂಬುದು ಆ ವಿವರಗಳಲ್ಲೇ ಇದೆ.

ಇಷ್ಟು ಸಲ ಮಾತು ಬದಲಿಸಿದವರನ್ನ ಈಗ ಯಾಕೆ ನಂಬಬೇಕು?

ನಂಬಬೇಕಾಗಿಲ್ಲ. ಅವರು ತೋರಿಸುವ ಕಾಗದವನ್ನು ನೋಡಿ. 2024ರ ಮಾರ್ಚ್‌ನಲ್ಲಿ ಗುರುತು ಸಿಗದ ಹಾರುವ ವಸ್ತುಗಳ (ಯುಎಪಿ) ತನಿಖೆ ಮಾಡುವ ಪೆಂಟಗನ್‌ನ ಕಚೇರಿ ಹಳೆಯ ತನಿಖೆಗಳನ್ನೆಲ್ಲ ನೋಡಿ, ಅನ್ಯಗ್ರಹದ ತಂತ್ರಜ್ಞಾನ ಸಿಕ್ಕಿದ್ದಕ್ಕೆ ಪುರಾವೆ ಇಲ್ಲ ಎಂದಿತು. ಬರೀ "ಇಲ್ಲ" ಎಂಬ ಮಾತಿಗೆ ನಾನೂ ಬೆಲೆ ಕೊಡುವುದಿಲ್ಲ. ಅನುಮಾನ ಪಡುವವರನ್ನು ದಡ್ಡರೆಂದು ನಗುವವರ ಮೇಲೆ ನನಗೆ ಬೇಸರವಿದೆ. ಸರ್ಕಾರ ಮುಚ್ಚಿಟ್ಟಿತ್ತು ಎಂಬ ಅವರ ಅನುಮಾನ ನಿಜವೇ ಆಯಿತಲ್ಲ! ಆದರೆ ಏನನ್ನೋ ಮುಚ್ಚಿಟ್ಟರು ಎಂದಾಕ್ಷಣ ಮುಚ್ಚಿಟ್ಟದ್ದು ನೌಕೆಯೇ ಎಂದಾಗುವುದಿಲ್ಲ.

ನಮ್ಮ ಕಡೆ ಯಾವತ್ತಾದ್ರೂ ಇಂಥದ್ದು ಬಿದ್ದಿದೆಯಾ?

ನೌಕೆ ಬಿದ್ದಿಲ್ಲ, ಬಲೂನು ಬಿದ್ದಿದೆ. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ (ಟಿಐಎಫ್‌ಆರ್) ಬಲೂನು ಕೇಂದ್ರವಿದೆ. ಅಲ್ಲಿಂದ ಹಾರಿಸಿದ ಸಂಶೋಧನಾ ಬಲೂನುಗಳು ಗಾಳಿ ಬೀಸಿದ ಕಡೆ ಹೋಗಿ ತೆಲಂಗಾಣ, ಮಹಾರಾಷ್ಟ್ರ, ನಮ್ಮ ಉತ್ತರ ಕರ್ನಾಟಕದಲ್ಲಿ ಇಳಿಯುತ್ತವೆ. 2025ರ ಜನವರಿಯಲ್ಲಿ ಬೀದರ್ ಜಿಲ್ಲೆ ಹುಮನಾಬಾದ್ ತಾಲ್ಲೂಕಿನ ಜಲಸಂಗಿಯಲ್ಲಿ ಒಂದು ದೊಡ್ಡ ಬಲೂನು ಯಂತ್ರದ ಸಮೇತ ಮನೆಯೊಂದರ ಮೇಲೆ ಬಿತ್ತು. ಶಿಲಾಬಾಲಿಕೆಯ ಶಿಲ್ಪಕ್ಕೆ ಹೆಸರಾದ ಊರು ಅದು. ಜನ ಗಾಬರಿಯಾದರು. ಆದರೆ ಎಲ್ಲಿಂದ ಬಂತು, ಯಾತಕ್ಕೆ ಹಾರಿಸಿದ್ದು ಎಂಬುದು ಬೇಗ ತಿಳಿಯಿತು, ಗೊಂದಲ ಅಲ್ಲಿಗೇ ಮುಗಿಯಿತು.

ನಾನೇ ಓದಿ ತೀರ್ಮಾನ ಮಾಡ್ತೀನಿ. ಎಲ್ಲಿಂದ ಶುರು ಮಾಡಲಿ?

1947ರ ಜುಲೈ 9ರ ರಾಸ್ವೆಲ್ ಡೈಲಿ ರೆಕಾರ್ಡ್‌ನಲ್ಲಿ ಬಂದ ಬ್ರೇಜೆಲ್ ಸಂದರ್ಶನದಿಂದ. ಒಂದು ಪುಟವೂ ಇಲ್ಲ. ಆಮೇಲೆ 1995ರ ತಪಾಸಣಾ ವರದಿ, ಅದೂ ಚಿಕ್ಕದು. ಮೂರನೆಯದಾಗಿ 1994ರ ಮೊಗಲ್ ವರದಿ, ಕ್ರೇರಿ ದಿನಚರಿಯ ಪುಟಗಳನ್ನು ಪಕ್ಕದಲ್ಲಿಟ್ಟುಕೊಂಡು. 1997ರದ್ದನ್ನು ಕೊನೆಗೆ ಓದಿ. ಪುಸ್ತಕ, ಸಿನಿಮಾ, ಟಿವಿ ಕಾರ್ಯಕ್ರಮಗಳೆಲ್ಲ ಇವಾದ ಮೇಲೆ.